ಕಪ್ಪು-ಬಿಳುಪು ಕರಿಬಸಪ್ಪ

ನಮ್ಮ ಮನೆಯಲ್ಲಿ ಇಬ್ಬರಿದ್ದಾರೆ ಎಂದು ರೇಷನ್ ಕಾರ್ಡು ಹೇಳುತ್ತದೆ. ಅದನ್ನು ಬರೆದುಕೊಟ್ಟ ಗುಮಾಸ್ತ ಒಂದು ವಾರ ನಮ್ಮಲ್ಲಿದ್ದು ನೋಡಿದ್ದರೆ ಹಾಗೆ ಬರೆಯುವ ಧೈರ್ಯ ಮಾಡುತ್ತಿರಲಿಲ್ಲ. ನಮ್ಮ ಯಜಮಾನರು, ಶ್ರೀಮಾನ್ ಕರಿಬಸಪ್ಪನವರು, ಬೊಮ್ಮಸಂದ್ರದ ಒಂದು ಮಾತ್ರೆ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ನೋಡುವವರು. ಒಂದು ವಾರ ಬೆಳಗಿನ ಶಿಫ್ಟು, ಒಂದು ವಾರ ಮಧ್ಯಾಹ್ನದ್ದು, ಇನ್ನೊಂದು ವಾರ ರಾತ್ರಿಯದ್ದು. ಬೆಳಗಿನದ್ದಾದರೆ ನಾನು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಕಂಪನಿ ಬಸ್ಸು ಅವರನ್ನು ನುಂಗಿರುತ್ತದೆ. ಮಧ್ಯಾಹ್ನದ್ದಾದರೆ ಅವರು ಬರುವಷ್ಟರಲ್ಲಿ ನಾನು ಮಲಗಿರುತ್ತೇನೆ. ರಾತ್ರಿಯದ್ದಾದರೆ ಹಗಲೆಲ್ಲ ಗೊರಕೆ. ಆ ಗೊರಕೆಯೇ ನಮ್ಮ ದಾಂಪತ್ಯದ ಸಂಭಾಷಣೆ. (ಅದಕ್ಕೂ ನಾನು ಒಮ್ಮೊಮ್ಮೆ 'ಹೂಂ, ಆಮೇಲೆ?' ಅಂದದ್ದುಂಟು.)

ಹರಿಹರದಲ್ಲಿದ್ದಾಗ ನಾನು ಮಾತಿನ ಮಲ್ಲಿ. ಅಲ್ಲಿ ಬಾಗಿಲಲ್ಲಿ ನಿಂತರೆ ಸಾಕು, ಬೀದಿಯಲ್ಲಿ ಹೋಗುವವರೆಲ್ಲ ನಿಂತು, ಏನು ಸಾರು ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು. ಇಲ್ಲಿ ಬಾಗಿಲಲ್ಲಿ ನಿಂತರೆ ಎದುರು ಮನೆಯ ಬೀಗ ಕಾಣುತ್ತದೆ. ಪಕ್ಕದ ಮನೆಯದೂ ಬೀಗವೇ. ಎಲ್ಲರೂ ಯಾವುದೋ ಶಿಫ್ಟಿನಲ್ಲಿರುತ್ತಾರೆ. ಕೆಳಗಿನ ಮನೆಯಲ್ಲಿ ಓನರ್ ಸೊಣ್ಣಮ್ಮ ಇದ್ದಾರೆ, ನಿಜ. ಆದರೆ ಅವರು ನನ್ನೊಂದಿಗೆ ಆಡುವ ಮಾತು ಒಂದೇ: "ಬುವನಮ್ಮ, ನೀರು ಜಾಸ್ತಿ ಬಿಡ್‌ಬ್ಯಾಡ ಕಣವ್ವ!"

ಹೀಗಿರುವಾಗ ೨೦೦೯ರಲ್ಲಿ ನನಗೊಂದು ಬೀದಿ ಸಿಕ್ಕಿತು. ನಮ್ಮವರು ಯಾವುದೋ ಪರೀಕ್ಷೆಗೆ ಓದುತ್ತೇನೆಂದು ಎಸ್.ಪಿ. ರೋಡಿನಿಂದ ಜೋಡಿಸಿ ತಂದ ಕಂಪ್ಯೂಟರ್ ಒಂದು ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಪರೀಕ್ಷೆ ಎಂದೋ ತೀರಿಹೋಗಿತ್ತು. ನಾನು ಬಟ್ಟೆ ತೆಗೆದೆ, ಬ್ರಾಡ್‌ಬ್ಯಾಂಡ್ ಹಾಕಿಸಿದೆ, ಹುಡುಕುತ್ತ ಹುಡುಕುತ್ತ 'ಜಗುಲಿಹರಟೆ' ಎಂಬ ಕನ್ನಡ ಫೋರಮ್ಮಿಗೆ ಹೋಗಿ ಬಿದ್ದೆ. ಅಡುಗೆ, ಮನೆಮದ್ದು, ಅತ್ತೆಯ ಕಾಟ, ಸೊಸೆಯ ಕಾಟ, ಎಲ್ಲಕ್ಕೂ ಅಲ್ಲಿ ಬೇರೆಬೇರೆ ಕಟ್ಟೆ. ಒಬ್ಬರು ಏನಾದರೂ ಬರೆದರೆ ಉಳಿದವರು ಅದರ ಕೆಳಗೆ ಉತ್ತರ ಬರೆಯುತ್ತಾರೆ. ನಾನು ಕೂಡಲೇ 'ಭುವನಮೋಹಿನಿ' ಎಂಬ ಹೆಸರಿನಲ್ಲಿ ಸೇರಿಕೊಂಡು (ಯಾರೂ ನೋಡುವುದಿಲ್ಲವಲ್ಲ, ಇರಲಿ ಎಂದು) ಗರಿಗರಿ ನಿಪ್ಪಟ್ಟು ಮಾಡುವ ವಿಧಾನವನ್ನು ವಿಸ್ತಾರವಾಗಿ ಬರೆದೆ. ಕಾದೆ. ಸಂಜೆಯವರೆಗೆ ಕಾದೆ. ಮಾರನೆಯ ದಿನವೂ ಕಾದೆ. ಅಲ್ಲೂ ಬೀಗವೇ!

ಯಾಕಿರಬಹುದು ಎಂದು ತಲೆ ಕೆರೆದುಕೊಂಡಾಗ ಗೊತ್ತಾಯಿತು. ನನಗೆ ಸಿಗ್ನೇಚರ್ ಇರಲಿಲ್ಲ. ಸಿಗ್ನೇಚರ್ ಅಂದರೆ ಸಹಿಯಲ್ಲ. ನಾವು ಬರೆದ ಪ್ರತಿ ಮಾತಿನ ಕೆಳಗೂ ತಾನಾಗಿಯೇ ಬಂದು ಕೂರುವ, ಅಡ್ಡಕ್ಕೆ ಉದ್ದವಾಗಿರುವ ಪುಟ್ಟ ಚಿತ್ರ. ಜಗುಲಿಯ ಘಟಾನುಘಟಿಗಳೆಲ್ಲರಿಗೂ ಒಂದೊಂದು ಇತ್ತು. ಒಬ್ಬಳದರಲ್ಲಿ ಬೆಣ್ಣೆಗೈ ಕೃಷ್ಣ, ಒಬ್ಬಳದರಲ್ಲಿ ಯಾವುದೋ ಜಪಾನಿ ಗೊಂಬೆಹುಡುಗಿ. ಮೂಲ ಚಿತ್ರದ ಗೋಡೆ, ಮರ, ಪಕ್ಕದವರು ಎಲ್ಲವನ್ನೂ ಕತ್ತರಿಸಿ ಬಿಸಾಡಿ, ಬರೀ ಆಳೊಂದನ್ನು ಉಳಿಸಿಕೊಂಡು, ಬಣ್ಣಬಣ್ಣದ ಹಿನ್ನೆಲೆಯ ಮೇಲೆ ಕೂರಿಸಬೇಕು. ಹಾಗೆ ಕತ್ತರಿಸಿದ ಆಳಿಗೆ 'ರೆಂಡರ್' ಎನ್ನುತ್ತಾರೆಂದು ನನಗೆ ಹೇಳಿಕೊಟ್ಟವಳು 'ಪಿಂಕ್‌ಪುಟ್ಟಿ'. ಅವಳ ನಿಜವಾದ ಹೆಸರು ಶಿವಾನಿ, ಇರುವುದು ಕುಂದಲಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ. 'ಒಳ್ಳೇ ರೆಂಡರ್ ಹಾಕಿ ಅಕ್ಕ, ಆಮೇಲ್ ನೋಡಿ ಮಜಾ' ಎಂದು ಬರೆದು, ಮಾಡುವ ಕ್ರಮವನ್ನೂ ಕಳಿಸಿದಳು.

ಯಾರನ್ನು ಕತ್ತರಿಸುವುದು? ಎಲ್ಲರೂ ದೇವರನ್ನೂ ಗೊಂಬೆಯನ್ನೂ ಕತ್ತರಿಸಿದರೆ ನಾನು ನನ್ನ ಪತಿದೇವರನ್ನೇ ಕತ್ತರಿಸುತ್ತೇನೆ ಎಂದು ತೀರ್ಮಾನಿಸಿದೆ. ಮನೆಯಲ್ಲಂತೂ ಜೊತೆಗಿರುವುದಿಲ್ಲ, ನಾನು ಮಾತಾಡಿದಲ್ಲೆಲ್ಲ ಕೆಳಗೆ ಬಂದು ಕೂತಿರಲಿ ಎಂಬ ಆಸೆ. ಜೊತೆಗೆ ನಮ್ಮ ಮದುವೆಯಾಗಿ ಐದು ವರ್ಷ ತುಂಬುವ ವಾರ ಅದು.

"ರೀ, ಇವತ್ತು ಏನ್ ದಿನ ಹೇಳ್ರಿ ನೋಡಣ?"

"ಸೆಕೆಂಡ್ ಶಿಫ್ಟು."

"ಅಲ್ರೀ, ಒಂದ್ ಫೋಟೋ ಆದ್ರೂ ತೆಗೆಸ್ಕೊಳಣ್ರಿ ಇಬ್ರೂ."

"ಯಾಕೆ, ಪಾಸ್‌ಪೋರ್ಟಿಗಾ?"

"ಸಿಗ್ನೇಚರಿಗೆ."

"ಸಿಗ್ನೇಚರಿಗೆ ಪೆನ್ನು ಸಾಕಲ್ಲೇನೇ," ಎಂದು ಬೂಟಿನ ದಾರ ಕಟ್ಟಿಕೊಂಡು ಹೊರಟೇಬಿಟ್ಟರು.

ಕೊನೆಗೆ ಮದುವೆಯ ಆಲ್ಬಮ್ಮೇ ಗತಿಯಾಯಿತು. ಅವರು ಪೂರ್ತಿ ಎಚ್ಚರವಾಗಿರುವ ಫೋಟೋ ನಮ್ಮಲ್ಲಿ ಅದೊಂದೇ. ಪೇಟ ಸುತ್ತಿ, ಹಣೆ ತುಂಬ ವಿಭೂತಿ ಧರಿಸಿ, ಕ್ಯಾಮೆರಾವನ್ನು ಇದೂ ಒಂದು ಮಾತ್ರೆಯೇನೋ ಎಂಬಂತೆ ಪರೀಕ್ಷಿಸುತ್ತ ನಿಂತಿದ್ದರು. ಪಕ್ಕದಲ್ಲಿ ನಾನು. ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ ತಂದು ಕಾರ್ಯಾರಂಭ ಮಾಡಿದೆ. ಸಿಗ್ನೇಚರಿನ ಗಾತ್ರ ಇಂತಿಷ್ಟೇ ಕೆ.ಬಿ. ಇರಬೇಕೆಂಬುದು ಜಗುಲಿಯ ಕಟ್ಟಪ್ಪಣೆ. (ಫ್ಯಾಕ್ಟರಿಯಲ್ಲಿ ನಮ್ಮವರನ್ನೂ ಕೆ.ಬಿ. ಎಂದೇ ಕರೆಯುವುದು. ಅವರೂ ನನ್ನ ಪಾಲಿಗೆ ಇಂತಿಷ್ಟೇ.) ಇಬ್ಬರನ್ನೂ ತುರುಕಿದರೆ ಇಬ್ಬರೂ ಇರುವೆಗಳಂತೆ ಕಾಣುತ್ತಿದ್ದೆವು. ಹಾಗಾಗಿ ನನ್ನನ್ನು ನಾನೇ ಅಳಿಸಿದೆ.

ಮೌಸು ಹಿಡಿದು ಗಂಡನ ಸುತ್ತ ಗೆರೆ ಎಳೆಯುವುದು ಸಾಮಾನ್ಯ ಕೆಲಸವೆಂದು ತಿಳಿಯಬೇಡಿ. ಮೊದಲನೆಯ ಸಲ ಎಡಗಿವಿ ಹೋಯಿತು. ಎರಡನೆಯ ಸಲ ಕಿವಿ ಬಂತು, ಮೂಗು ಅರ್ಧವಾಯಿತು. ಮೌಸು ಜಾರಿ ಒಮ್ಮೆ ಕತ್ತೇ ಹೋಗಿ, 'ಅಯ್ಯೋ ಶಿವನೇ' ಎಂದು ಕೂಗಿ ಹಿಂದಕ್ಕೆ ತಂದುಕೊಂಡೆ. ಅಂತೂ ಇಡೀ ಮನುಷ್ಯ ಸಿಕ್ಕಿದರು. ಆದರೆ ಅಂಚೆಲ್ಲ ಇಲಿ ಕಡಿದ ಹಾಗೆ. ಶಿವಾನಿಯನ್ನು ಕೇಳಿದರೆ ಅವಳು ಬರೆದಳು, 'ಕಲರ್ ತೆಗೆದು ಬ್ಲ್ಯಾಕ್ ಅಂಡ್ ವೈಟ್ ಮಾಡಿ ಅಕ್ಕ, ತಲೆ ಹಿಂದೆ ಸ್ವಲ್ಪ ಗ್ಲೋ ಕೊಡಿ, ಅಂಚು ಮುಚ್ಚೋಗುತ್ತೆ.' ಹಾಗೆಯೇ ಮಾಡಿದೆ. ತಲೆಯ ಹಿಂದೆ ಬಿಳಿ ಬೆಳಕು ಫಳಫಳ ಎಂದಿತು. ಅಕ್ಕಪಕ್ಕ ಖಾಲಿ ಉಳಿದದ್ದಕ್ಕೆ ಎರಡೂ ಕಡೆ ದೀಪದಂಥ ಮಿಂಚು ಹಚ್ಚಿದೆ. ಸುತ್ತ ಮಲ್ಲಿಗೆಯ ಅಂಚು ಬಿಡಿಸಿದೆ. ಮೇಲೆ 'ನನ್ನವರು' ಎಂದೂ, ಕೆಳಗೆ, ಮದುವೆಯ ವಾರ್ಷಿಕೋತ್ಸವದ ಲೆಕ್ಕದಲ್ಲಿ, '೨೦೦೪–೨೦೦೯' ಎಂದೂ ಬರೆದೆ. ನೋಡಿ ನನಗೇ ಕಣ್ಣು ತುಂಬಿ ಬಂತು. ಇಷ್ಟು ಚೆಂದದ ಗಂಡ ನನಗಿದ್ದಾನೆಂಬುದೇ ಮರೆತುಹೋಗಿತ್ತು.

ಸಿಗ್ನೇಚರ್ ಏರಿಸಿದೆ ನೋಡಿ, ಜಗುಲಿ ಎದ್ದು ಕೂತಿತು! ಯಾರೂ ಮೂಸಿ ನೋಡದಿದ್ದ ನನ್ನ ನಿಪ್ಪಟ್ಟಿನ ಕೆಳಗೆ ಉತ್ತರದ ಮೇಲೆ ಉತ್ತರ. 'ಭುವನಾ, ಧೈರ್ಯ ತಂದ್ಕೊಳಿ, ನಾವೆಲ್ಲ ಇದೀವಿ.' 'ಹೊತ್ತಿಗೆ ಸರಿಯಾಗಿ ಊಟ ಮಾಡಿ ಅಕ್ಕ.' 'ಎಂಥ ಕಳೆಯ ಮುಖ, ಬಂಗಾರದಂಥ ಮನುಷ್ಯರು.' 'ಇಂಥ ಸ್ಥಿತಿಯಲ್ಲೂ ನಮಗೆ ನಿಪ್ಪಟ್ಟು ಹೇಳಿಕೊಡ್ತಿದೀರಲ್ಲ, ನೀವು ದೊಡ್ಡ ಜೀವ.' ನನ್ನ ಒಂಟಿತನ ಇವರಿಗೆ ಹೇಗೆ ಗೊತ್ತಾಯಿತಪ್ಪಾ ಎಂದು ಬೆರಗಾದೆ. ಶಿಫ್ಟಿನವರ ಹೆಂಡಿರ ಕಷ್ಟ ಶಿಫ್ಟಿನವರ ಹೆಂಡಿರಿಗೇ ಗೊತ್ತು ಎಂದುಕೊಂಡೆ. ಎಲ್ಲರಿಗಿಂತ ಪ್ರೀತಿಯಿಂದ ಬರೆದವರು ನಾಗಲಕ್ಷ್ಮಮ್ಮ, ವೈಟ್‌ಫೀಲ್ಡಿನ ಕಡೆಯವರು, ಮನೆಮದ್ದಿನ ಕಟ್ಟೆಗೆ ಯಜಮಾನಿ. 'ಅವರು ಎಲ್ಲಿಗೂ ಹೋಗಿಲ್ಲ ಮಗಳೇ, ನಿನ್ನ ಸುತ್ತಮುತ್ತಲೇ ಇರ್ತಾರೆ' ಎಂದು ಬರೆದಿದ್ದರು. ನಾನು ಇದ್ದದ್ದನ್ನು ಇದ್ದ ಹಾಗೆ ಉತ್ತರಿಸಿದೆ: 'ಹೌದಮ್ಮ, ಈಗಲೂ ಒಳಗಿನ ರೂಮಿನಿಂದ ಗೊರಕೆ ಕೇಳಿಸ್ತಿದೆ.' ಅದರ ಕೆಳಗೆ ಜಗುಲಿಯವರೆಲ್ಲ ಸಾಲುಸಾಲಾಗಿ ಅಳುವ ಮುಖ ಹಾಕಿದರು.

ನಾನು ಸುಖವಾಗಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಬೊಮ್ಮಸಂದ್ರಕ್ಕೆ ಬಂದ ಮೇಲೆ ಅಷ್ಟು ಸುಖವಾಗಿ ಎಂದೂ ಇರಲಿಲ್ಲ. ಬೆಳಗ್ಗೆ ಎದ್ದರೆ 'ನಿದ್ದೆ ಬಂತಾ' ಎಂದು ಕೇಳುವವರು, ಮಧ್ಯಾಹ್ನ 'ಉಂಡೆಯಾ' ಎಂದು ಕೇಳುವವರು. ನಾನು ತಲೆನೋವು ಅಂದರೆ ಮೂರು ಜನ ಶುಂಠಿ ಕಷಾಯ ಬರೆಯುತ್ತಿದ್ದರು. ಮನೆಯಲ್ಲೇ ಮಾತ್ರೆ ತಜ್ಞರಿದ್ದೂ ನನಗೆ ಆ ಭಾಗ್ಯ ಇರಲಿಲ್ಲ.

ಹೀಗೆ ಸಿಗ್ನೇಚರಿನಲ್ಲಿ ಪಳಗಿದ ಕಣ್ಣು ಸುಮ್ಮನಿರುತ್ತದೆಯೇ? ಒಂದು ದಿನ ತರಕಾರಿಗೆಂದು ಸರ್ಕಲ್ಲಿಗೆ ಹೋದಾಗ ಕರೆಂಟು ಕಂಬಕ್ಕೆ ಕಟ್ಟಿದ್ದ ದೊಡ್ಡ ಫ್ಲೆಕ್ಸು ಕಣ್ಣಿಗೆ ಬಿತ್ತು. ಪೇಟದ ಯಜಮಾನರೊಬ್ಬರ ಕಪ್ಪು-ಬಿಳುಪು ಚಿತ್ರ. ತಲೆಯ ಹಿಂದೆ ಬೆಳಕು, ಎರಡೂ ಕಡೆ ದೀಪ, ಸುತ್ತ ಹೂವಿನ ಅಂಚು. 'ಆಹಾ, ಎಂಥ ರೆಂಡರ್! ಕಿವಿ ಎಷ್ಟು ಚೊಕ್ಕ ಕತ್ತರಿಸಿದ್ದಾನೆ' ಎಂದು ನಿಂತಲ್ಲೇ ತಲೆದೂಗಿದೆ. ಆಮೇಲೆ ಕೆಳಗಿನ ಅಕ್ಷರ ಓದಿದೆ. 'ಊರಿನ ಹಿರಿಯರಾದ ಶ್ರೀ ರಾಮಾಂಜಿನಪ್ಪನವರಿಗೆ ಕಣ್ಣೀರಿನ ಶ್ರದ್ಧಾಂಜಲಿ.' ಕೈಯಲ್ಲಿದ್ದ ಟೊಮೇಟೊ ಚೀಲ ಕೆಳಗೆ ಬಿತ್ತು.

ಮನೆಗೆ ಓಡಿಬಂದು ಜಗುಲಿ ತೆರೆದೆ. ಸಂಶಯವೇ ಇಲ್ಲ. ನಾನು ಬರೆದ ನಿಪ್ಪಟ್ಟಿನಿಂದ ಹಿಡಿದು ತಲೆನೋವಿನವರೆಗೆ ಪ್ರತಿಯೊಂದರ ಕೆಳಗೂ ನಮ್ಮವರು ಶಿವೈಕ್ಯರಾಗಿ ಕೂತಿದ್ದರು. ಅದರ ಮೇಲೆ '೨೦೦೪–೨೦೦೯' ಬೇರೆ! ಐದೇ ವರ್ಷ ಬಾಳಿದ ಪಾಪದ ಹೆಣ್ಣು ಎಂದು ಊರೆಲ್ಲ ನನಗಾಗಿ ಅತ್ತಿತ್ತು. ಒಳಗೆ ಆ ದಿವಂಗತರು ಮಗ್ಗುಲು ಬದಲಿಸಿದ ಸದ್ದು ಕೇಳಿಸಿತು.

ಅಷ್ಟರಲ್ಲಿ ನಾಗಲಕ್ಷ್ಮಮ್ಮನವರ ಖಾಸಗಿ ಸಂದೇಶ ಬಂದಿತ್ತು. 'ಮಗಳೇ, ಶನಿವಾರ ಬೆಳಗ್ಗೆ ನಾನು ಬರ್ತಿದೀನಿ. ಶಿವಾನಿ ಕಾರಲ್ಲಿ ಕರ್ಕೊಂಡು ಬರ್ತಾಳೆ. ಒಲೆ ಹಚ್ಚಬೇಡ, ಊಟ ನಾವೇ ತರ್ತೀವಿ. ವಿಳಾಸ ಕಳಿಸು.'

'ಅಮ್ಮ, ಅವರು ಬದುಕಿದ್ದಾರೆ' ಎಂದು ಬರೆದೆ. ಬರೆದು, ನೋಡುತ್ತ ಕೂತೆ. ಈ ಮಾತು ಕಳಿಸಿದರೆ ಅವರು ಬರುವುದಿಲ್ಲ. ಈ ಮನೆಗೆ ಬಂದ ಮೇಲೆ ಗ್ಯಾಸಿನವನು, ಪೇಪರಿನವನು ಬಿಟ್ಟರೆ ನನ್ನನ್ನೇ ನೋಡಬೇಕೆಂದು ಒಬ್ಬರೂ ಮೆಟ್ಟಿಲು ಹತ್ತಿರಲಿಲ್ಲ. ಊಟ ತರುತ್ತಾರಂತೆ, ಪಕ್ಕದಲ್ಲಿ ಕೂತು ಬಡಿಸುತ್ತಾರಂತೆ. ಬರಲಿ, ಬಂದ ಮೇಲೆ ಮೆಲ್ಲಗೆ ಹೇಳಿದರಾಯಿತು, ಎಲ್ಲರೂ ನಕ್ಕರಾಯಿತು ಎಂದು ಮನಸ್ಸು ಹೇಳಿತು. ಬರೆದದ್ದನ್ನು ಅಳಿಸಿ ವಿಳಾಸ ಕಳಿಸಿದೆ.

ಶನಿವಾರ ಬಂತು. ನಮ್ಮವರು ರಾತ್ರಿ ಶಿಫ್ಟು ಮುಗಿಸಿ ಬಂದು, ತಲೆಯಿಂದ ಕಾಲಿನವರೆಗೆ ಬಿಳಿ ದುಪ್ಪಟಿ ಹೊದ್ದು ಒಳರೂಮಿನಲ್ಲಿ ಪವಡಿಸಿದ್ದರು. ನಾನು ಬಾಗಿಲ ಮುಂದೆ ರಂಗೋಲಿ ಹಾಕಿ, ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು ಕಾದೆ. ಬೆಲ್ಲಾಯಿತು. ಎದುರಿಗೆ ಬಿಳಿಕೂದಲ, ದುಂಡು ಮುಖದ ನಾಗಲಕ್ಷ್ಮಮ್ಮ, ಕೈಯಲ್ಲಿ ಟಿಫನ್ ಕ್ಯಾರಿಯರ್. ಹಿಂದೆ ಚೂಡಿದಾರದ ಶಿವಾನಿ. ನನ್ನ ಹಣೆಯ ಕುಂಕುಮ, ತಲೆಯ ಹೂವು, ಕೈತುಂಬ ಬಳೆ ನೋಡಿ ನಾಗಲಕ್ಷ್ಮಮ್ಮ ಒಂದು ಕ್ಷಣ ನಿಂತರು. ಆಮೇಲೆ ನನ್ನನ್ನು ತಬ್ಬಿಕೊಂಡರು.

"ಒಳ್ಳೇ ಕೆಲ್ಸ ಮಾಡ್ದೆ ಕಣೇ ಮಗಳೇ. ಕುಂಕುಮ ತೆಗೀಬಾರ್ದು. ಯಾರ್ ಏನಂದ್ರೂ ತೆಗೀಬಾರ್ದು!"

ಎಷ್ಟು ಕಾಲವಾಗಿತ್ತೋ ಒಬ್ಬರು ತಬ್ಬಿಕೊಂಡು. ಹೇಳಬೇಕಾದ ಮಾತು ಬಿಟ್ಟು ನಾನು ಗೊಳೋ ಎಂದು ಅತ್ತುಬಿಟ್ಟೆ. ಅಳು ನಿಜವಾದದ್ದೇ, ಕಾರಣ ಮಾತ್ರ ಬೇರೆ. ನಾನು ಅತ್ತದ್ದು ಕಂಡು ಅವರೂ ಅತ್ತರು, ಶಿವಾನಿಯೂ ಅತ್ತಳು. ಸದ್ದು ಕೇಳಿ ಕೆಳಗಿನಿಂದ ಸೊಣ್ಣಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹತ್ತಿ ಬಂದರು.

"ಏನಾಯ್ತವ್ವಾ? ಯಾಕಿಂಗೆ ಅಳ್ತಾ ಇದ್ದೀರಾ?"

"ಇವರ ಯಜಮಾನ್ರು ಹೋಗ್ಬಿಟ್ರಲ್ಲ, ನಿಮಗೂ ಗೊತ್ತಿಲ್ವಾ?" ಎಂದಳು ಶಿವಾನಿ.

'ನಿನ್ನೆ ತಾನೇ ಅವರನ್ನು ನೋಡಿದೆ' ಎಂದು ಸೊಣ್ಣಮ್ಮ ಹೇಳುತ್ತಾರೆ, ನಾನು ಬದುಕಿದೆ ಎಂದುಕೊಂಡೆ. ಎಲ್ಲಿಯದು! ಎರಡೂ ಕೈಯಿಂದ ಎದೆ ಬಡಿದುಕೊಂಡರು.

"ಅಯ್ಯೋ ನನ್ನಪ್ಪನೇ! ಅದ್ಕೇ ಕಣವ್ವ, ನಾನ್ ಅವನ್ ಮಖ ನೋಡಿ ಯಾವ್ ಕಾಲ ಆಯ್ತೋ! ಒಳ್ಳೆ ಮನ್ಸ, ಒಂದಿನಾನೂ ನೀರು ಜಾಸ್ತಿ ಬಿಡ್ಲಿಲ್ಲ! ಬುವನಮ್ಮ, ಅಂಗಾರೆ ನೀನು ನಂಗ್ಯಾಕೆ ಏಳ್ಲಿಲ್ಲ?"

"ಸೊಣ್ಣಮ್ಮ, ಹಂಗಲ್ಲ, ಸ್ವಲ್ಪ ಕೇಳ್ರಿ..." ಎಂದೆ. ಯಾರು ಕೇಳುತ್ತಾರೆ? ಸೊಣ್ಣಮ್ಮ ರಾಗ ಎಳೆದು ಅಳತೊಡಗಿದರು. ಒಳರೂಮಿನ ಬಾಗಿಲು ಕಿರ್ರೆಂದಿತು. ಬಿಳಿ ದುಪ್ಪಟಿ ಹೊದ್ದ ಆಕೃತಿಯೊಂದು ಹೊಸ್ತಿಲಲ್ಲಿ ಬಂದು ನಿಂತಿತು.

"ಯಾರೇ ಅದು ಹೋಗಿದ್ದು? ನಿದ್ದೆ ಮಾಡಾಕೆ ಬಿಡಲ್ಲ ಅಂತೀರಲ್ಲ," ಎಂದಿತು.

ಸೊಣ್ಣಮ್ಮ ಮೆಟ್ಟಿಲು ಹತ್ತಿದ್ದಕ್ಕಿಂತ ವೇಗವಾಗಿ ಇಳಿದರು. ನಾಗಲಕ್ಷ್ಮಮ್ಮ ಕ್ಯಾರಿಯರ್ ಎದೆಗವಚಿಕೊಂಡು ಸೋಫಾದ ಮೇಲೆ ಕುಸಿದರು. ಶಿವಾನಿ ಮಾತ್ರ ದಿಟ್ಟಿಸಿ ನೋಡಿ, "ಅಮ್ಮಾ, ರೆಂಡರ್ರು!" ಎಂದು ಚೀರಿದಳು.

ಆಮೇಲೆ ನಾನು ಎಲ್ಲವನ್ನೂ ಹೇಳಿದೆ. ಫ್ಲೆಕ್ಸು, ಶಿಫ್ಟು, ಅಳಿಸಿದ ಸಂದೇಶ, ಯಾವುದನ್ನೂ ಬಿಡಲಿಲ್ಲ. ಎಲ್ಲರೂ ನಗುತ್ತಾರೆಂದು ಅಂದುಕೊಂಡಿದ್ದೆನಲ್ಲ, ಯಾರೂ ನಗಲಿಲ್ಲ.

"ನಾನು ನಿನ್ನ ಹೆಸರಲ್ಲಿ ಉಪವಾಸ ಮಾಡಿದೀನಿ ಕಣಮ್ಮ," ಎಂದರು ನಾಗಲಕ್ಷ್ಮಮ್ಮ. ಈಗ ನಾನು ಮಗಳೂ ಅಲ್ಲ. "ಗೊತ್ತಾದ್ಮೇಲಾದ್ರೂ ಹೇಳ್ಬೇಕಿತ್ತು. ಈ ಪುಣ್ಯಾತ್ಮಂಗೆ ಏನು ಕಡಿಮೆಯಾಗಿತ್ತು ಅಂತ ಹೀಗ್ ಮಾಡ್ದೆ?"

ಪುಣ್ಯಾತ್ಮರು ಬೈಯುತ್ತಾರೆಂದು ನಾನು ತಲೆ ತಗ್ಗಿಸಿ ನಿಂತಿದ್ದೆ. ಅವರು ಕ್ಯಾರಿಯರ್ ಕಡೆ ನೋಡಿ, "ಚಿತ್ರಾನ್ನ ಏನ್ರಮ್ಮ? ಘಮ ಬರ್ತೈತೆ," ಎಂದರು. ತಮ್ಮ ಸಾವಿಗೆ ಬಂದ ಊಟವನ್ನು ತಾವೇ ಎರಡು ಸಲ ಹಾಕಿಸಿಕೊಂಡು ಉಂಡರು. ನಾಗಲಕ್ಷ್ಮಮ್ಮ ಪಕ್ಕದಲ್ಲಿ ಕೂತು ಬಡಿಸಿದರು. "ಎಷ್ಟ್ ಸೊರಗಿದೀಯಪ್ಪಾ," ಎಂದರು. ನಾನು ನೀರಿನ ಲೋಟ ಹಿಡಿದು ನಿಂತಿದ್ದೆ.

ಬಂದವರಿಬ್ಬರೂ ಹೋದ ಮೇಲೆ ನಮ್ಮವರು ಮಲಗಲಿಲ್ಲ. "ಎಲ್ಲಿ, ನಾನು ಸತ್ತಿದ್ದು ತೋರ್ಸು," ಎಂದು ಕಂಪ್ಯೂಟರ್ ಮುಂದೆ ಕೂತರು. ಮೊದಲಿಂದ ಕೊನೆಯವರೆಗೆ ಓದಿದರು. ನಡುವೆ ಕನ್ನಡಕ ತೆಗೆದು ಒರೆಸಿಕೊಂಡರು.

"ಭುವನಾ, ಇಷ್ಟು ವರ್ಷದಿಂದ ಫ್ಯಾಕ್ಟ್ರೀಲಿ ದುಡೀತಿದೀನಿ. ಒಬ್ಬ ನನ್ಮಗ ನನ್ ಬಗ್ಗೆ ಇಷ್ಟು ಒಳ್ಳೆ ಮಾತು ಆಡಿಲ್ಲ ನೋಡು. ಬಸ್ಸಲ್ಲಿ ಪಕ್ಕದಲ್ಲಿ ಕೂರೋನೂ ನಿದ್ದೆ, ನಾನೂ ನಿದ್ದೆ."

ಅವರಿಗೂ ಬಿಕೋ ಎನ್ನುತ್ತಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ. ಪಾಪ ಅನ್ನಿಸಿತು. ಸದ್ಯ, ಇನ್ನು ಮೇಲೆ ಇಬ್ಬರೂ ಮಾತಾಡಿಕೊಂಡಿರಬಹುದು ಎಂದು ಒಳಗೊಳಗೇ ಹಿಗ್ಗಿ, ಬಿಸಿ ಕಾಫಿ ಮಾಡಿ ತರುವಷ್ಟರಲ್ಲಿ ಅವರು ಜಗುಲಿಗೆ ಸೇರಿಕೊಂಡಾಗಿತ್ತು. ಹೆಸರು: 'ಕೆ.ಬಿ. ಬದುಕಿದ್ದಾನೆ'.

ಆಹಾ, ಎಂಥ ಸ್ವಾಗತ! ಹೂಗುಚ್ಛ, ಆರತಿ ತಟ್ಟೆ, ಕುಣಿಯುವ ಮುಖಗಳು. 'ಪುನರ್ಜನ್ಮದ ಶುಭಾಶಯ ಅಣ್ಣಾ' ಎಂದು ಹೊಸ ಕಟ್ಟೆಯನ್ನೇ ತೆರೆದರು. ಅದೇ ಸಂಜೆ ಜಗುಲಿಯ ಆಡಳಿತದವರು, ಸುಳ್ಳು ಸಾವಿನಿಂದ ಸದಸ್ಯರ ಭಾವನೆಗೆ ಧಕ್ಕೆ ತಂದ ಕಾರಣ 'ಭುವನಮೋಹಿನಿ'ಯನ್ನು ಹೊರಗೆ ಹಾಕಿದರು. ನನ್ನ ನಿಪ್ಪಟ್ಟನ್ನೂ ಅಳಿಸಿದರು.

ಈಗ ನಮ್ಮವರು ಶಿಫ್ಟು ಮುಗಿದ ಕೂಡಲೇ ಮನೆಗೆ ಹಾರಿ ಬರುತ್ತಾರೆ. ಗೊರಕೆಯೂ ಕಡಿಮೆಯಾಗಿದೆ. ಮುಖ ತೊಳೆದದ್ದೇ ಕಂಪ್ಯೂಟರಿಗೆ ಕೂರುತ್ತಾರೆ. ಯಾವ ಮಾತ್ರೆಯನ್ನು ಊಟಕ್ಕೆ ಮುಂಚೆ ನುಂಗಬೇಕು, ಯಾವುದನ್ನು ಆಮೇಲೆ, ಎಂದು ಅಕ್ಕತಂಗಿಯರಿಗೆಲ್ಲ ತಿಳಿಸುತ್ತಾರೆ. 'ಊಟ ಆಯ್ತಾ ನಾಗಲಕ್ಷ್ಮಮ್ಮ?' ಎಂದು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾರೆ. ನಾನು ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ನನಗಿನ್ನೂ ಊಟ ಆಗಿರುವುದಿಲ್ಲ.

ಮೊನ್ನೆ ಅವರಾಗಿಯೇ ಕುರ್ಚಿ ತಿರುಗಿಸಿ ನನ್ನನ್ನು ಕರೆದರು. ಹಾಗೆ ಕರೆದು ಎಷ್ಟೋ ಕಾಲವಾಗಿತ್ತು. ಒದ್ದೆ ಕೈ ಸೀರೆಗೆ ಒರೆಸಿಕೊಂಡು ಓಡಿ ಬಂದೆ.

"ನಂಗೂ ಒಂದು ಸಿಗ್ನೇಚರ್ ಮಾಡ್ಕೊಡೇ. ಕಲರಲ್ಲಿ ಇರ್ಲಿ, ಬದುಕಿರೋರ ಥರ."

"ಇಬ್ರುದ್ದೂ ಹಾಕ್ಲೇನ್ರೀ? ಈ ಸಲ ಸಣ್ಣಕ್ಕೆ ಆದ್ರೂ ಹೊಂದಿಸ್ತೀನಿ."

"ಬ್ಯಾಡ, ಬ್ಯಾಡ, ನಿನ್ ಮಖ ನೋಡಿದ್ರೆ ಅವ್ರಿಗೆಲ್ಲ ಮತ್ತೆ ಸಿಟ್ಟು ಬರ್ತೈತೆ. ನಂದೊಂದೇ ಸಾಕು."

ಮತ್ತೆ ಆಲ್ಬಮ್ಮಿನದೇ ಚಿತ್ರ ತೆಗೆದು, ಕಿವಿ ಮೂಗು ಎಲ್ಲಾ ಜೋಪಾನ ಮಾಡಿ ಕತ್ತರಿಸಿ, ಬಣ್ಣದಲ್ಲಿ ಕೂರಿಸಿ ತೋರಿಸಿದೆ. ಅವರು ಮುಖ ಹತ್ತಿರ ತಂದು ಕ್ವಾಲಿಟಿ ನೋಡಿದರು.

"ಎಲ್ಲಾ ಚೆನ್ನಾಗೈತೆ. ಇಲ್ಲಿ ಭುಜದ ಮೇಲೆ ಹಸಿರಗೆ ಏನೋ ಅಂಟ್ಕೊಂಡೈತಲ್ಲ, ಏನದು?"

"ನನ್ನ ಧಾರೆ ಸೀರೆ ಸೆರಗು ಕಣ್ರೀ."

"ಅದೊಂದು ಒರೆಸಿಬಿಡು. ಕಲೆ ಥರ ಕಾಣ್ತೈತೆ."

ದೊಡ್ಡದು ಮಾಡಿಕೊಂಡು, ಚುಕ್ಕಿ ಚುಕ್ಕಿಯಾಗಿ ಒರೆಸಿದೆ. ಅಂಚು ಬಹಳ ಚೊಕ್ಕಟವಾಗಿ ಬಂದಿದೆ ಎಂದು ಜಗುಲಿಯಲ್ಲಿ ಎಲ್ಲರೂ ಹೊಗಳಿದರಂತೆ. ಅವರೇ ಓದಿ ಹೇಳಿದರು.